ಎರಡನೇ ಕೂಗು

ದೀಪ ಹಚ್ಚುವ ಹೊತ್ತಿಗೆ ನೀಲವ್ವ ಹೊಸ ಮನೆಯಲ್ಲಿ ಮೊದಲ ರೊಟ್ಟಿ ಬಡಿಯುತ್ತಿದ್ದಳು. ಹೊರಗಿನಿಂದ, "ನೀಲಾ, ಬಾಗಲಾ ತಗಿ" ಅಂತ, ಯುದ್ಧದಲ್ಲಿ ಕಾಣೆಯಾಗಿದ್ದ ಗಂಡ ಮಲ್ಲೇಶಿಯ ದನಿ ಕೇಳಿತು. ಅವಳ ಕೈ ಹಿಟ್ಟಿನ ಮೇಲೆಯೇ ನಿಂತುಬಿಟ್ಟಿತು.

ಯುದ್ಧ ಮುಗಿದು ಊರಿಗೆ ಮರಳಿದವರಿಗೆಲ್ಲ ಸರ್ಕಾರ ಸಾಲುಮನೆ ಕೊಟ್ಟಿತ್ತು. ಆದರೆ ಯುದ್ಧದ ಯಂತ್ರಗಳು ಇನ್ನೂ ಹೊಲಗಳಲ್ಲಿ ಅಲೆಯುತ್ತಿದ್ದವು. ಕಾಣೆಯಾದವರ ದನಿಯಲ್ಲಿ ಕರೆದು ಬಾಗಿಲು ತೆಗೆಸುತ್ತಿದ್ದವು. ತೆಗೆದ ಮನೆಯಲ್ಲಿ ಬೆಳಗಾದರೆ ಒಲೆ ಹಚ್ಚಲು ಯಾರೂ ಇರುತ್ತಿರಲಿಲ್ಲ. ದೆವ್ವದ ಹಾಗೆ ಅವೂ ಒಂದೇ ಸಲ ಕೂಗುತ್ತವೆ, ಮನುಷ್ಯರಾದರೆ ಮೂರು ಸಲ ಕೂಗಬೇಕು ಅನ್ನುವುದು ನೀಲವ್ವ ಇದ್ದ ನಿರಾಶ್ರಿತರ ಶಿಬಿರದ ಕಟ್ಟಳೆ.

ಅವಳು ಎರಡನೇ ಕೂಗಿಗೆ ಕಿವಿಗೊಟ್ಟು ಕಾದಳು. ಹೊರಗೆ ಸದ್ದಿಲ್ಲ.

ಮನೆಯ ಇನ್ನರ್ಧ ಪಾಲಿಗೆ ನಿನ್ನೆಯಷ್ಟೇ ಬೇರೆ ಶಿಬಿರದಿಂದ ಬಂದಿದ್ದ ಜೈನಾಬಿ ಒಳಗಿನಿಂದ ಓಡಿಬಂದಳು.

"ಯಾಕ ತಂಗಿ, ತಗಿಯಂಗಿಲ್ಲೇನು?"

"ಇನ್ನ ಎರಡ ಸಲ ಕೂಗ್ಲಿ, ಅಕ್ಕಾ."

ಜೈನಾಬಿಯ ಮುಖ ಬಿಳಿಚಿಕೊಂಡಿತು. "ಅಯ್ಯ ಯವ್ವಾ! ನಮ್ಮ ಶಿಬಿರದಾಗ ಮನಷ್ಯಾರು ಒಂದ ಸಲ ಕೂಗಿ ಸುಮ್ನ ನಿಲ್ಲತಿದ್ರು. ಮತ್ತ ಮತ್ತ ಕೂಗೂದು ಯಂತ್ರ!"

ಇಷ್ಟು ದಿನ ಮಲ್ಲೇಶಿ ಯಾವ ಶಿಬಿರದಲ್ಲಿದ್ದನೋ, ಯಾವ ಕಟ್ಟಳೆ ಕಲಿತಿದ್ದನೋ ನೀಲವ್ವನಿಗೇನು ಗೊತ್ತು? ಕತ್ತಲಲ್ಲಿ ಒಬ್ಬನೇ ನಿಂತಿದ್ದಾನೇನೋ ಅಂದುಕೊಂಡು ಹಿಟ್ಟಿನ ಕೈಯಲ್ಲೇ ಓಡಿ ಚಿಲಕ ಹಿಡಿದಳು.

"ನೀಲಾ," ಅಂದಿತು ಹೊರಗಿನ ದನಿ, ಎರಡನೇ ಸಲ.