ಒಂದು ಗೇಣು ಅಂಚು

ಏಪ್ರಿಲ್ ಹತ್ತೊಂಬತ್ತು, ಶನಿವಾರ ಸಂಜೆ. ಚರ್ಚಿನ ಬಲಿಪೀಠಕ್ಕೆ ಹಾಸಬೇಕಾದ ಹೊಸ ಬಿಳಿ ವಸ್ತ್ರದ ಅಂಚು ಹನ್ನೆರಡು ಗೇಣು. ಹೊಲಿದು ಮುಗಿದದ್ದು ಹನ್ನೊಂದು. ಹನ್ನೆರಡನೆಯ ಗೇಣಿನ ಆರಂಭದಲ್ಲಿ ಸೂಜಿ ಚುಚ್ಚಿಟ್ಟು ದರ್ಜಿ ನೀರು ಕುಡಿಯಲು ಎದ್ದಿದ್ದ. ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ನಾಲ್ಕು ದಿನದ ಹಿಂದೆ, ಮಂಗಳವಾರ, ಅವನ ಸಮಾಧಿಯಾಗಿತ್ತು.

ಉಪವಾಸಕಾಲದುದ್ದಕ್ಕೂ ಪೀಠದ ಮೇಲಿರುವ ಶೋಕದ ನೇರಳೆ ವಸ್ತ್ರವನ್ನು ತೆಗೆದು, ಪುನರುತ್ಥಾನದ ಭಾನುವಾರಕ್ಕೆ ಹಬ್ಬದ ಬಿಳಿಯದನ್ನು ಹಾಸುವುದು ದರ್ಜಿ ದಂಪತಿಯ ಪಾಲಿನ ಸೇವೆ. ಎಡತುದಿ ಹೆಂಡತಿಯದು, ಬಲತುದಿ ಗಂಡನದು. ಈ ಸಲ ಆಕೆ ಬಿಳಿ ವಸ್ತ್ರ ಹಿಡಿದು ಒಬ್ಬಳೇ ಬಂದಳು. ಹಿಂದೆಯೇ ನಾದಿನಿಯೂ ಬಂದಳು, ತಡೆಯುವುದಕ್ಕೆ.

"ಅತ್ತಿಗೆ, ನೇರಳೆಯೇ ಇರಲಿ. ಚರ್ಚಿನ ಅಯ್ಯನವರೂ ಒಪ್ಪಿದ್ದಾರೆ. ಅಣ್ಣ ಹೋಗಿ ಒಂದು ವಾರ ಆಗಿಲ್ಲ, ನಿಮಗೆ ಹಬ್ಬ ಬೇಕಾ?"

"ನನಗೆ ಬೇಡ."

"ಮತ್ತೆ?"

"ನೇರಳೆ ಹಾಸಿದ ದಿನ ನಿನಗೆ ಮೊಮ್ಮಗ ಹುಟ್ಟಿದ್ದ. ಮನೆಯೆಲ್ಲ ನಗು. ಆವತ್ತು ಬಿಳಿ ಇರಲಿ ಅಂತ ನಾವ್ಯಾರಾದ್ರೂ ಹೇಳಿದ್ವಾ? ನಮ್ಮ ಮನೆ ನೋಡಿಕೊಂಡು ಬಣ್ಣ ಬದಲಾಗಲ್ಲಮ್ಮ. ಕಾಲ ನಡೆಸೋನು ಬೇರೆ ಇದ್ದಾನೆ."

"ಅವನೇ ತಾನೇ ಅಣ್ಣನ್ನ ಕರ್ಕೊಂಡಿದ್ದು? ಇನ್ನೊಂದು ಗೇಣು ಹೊಲಿಯೋವರೆಗೆ ಕಾಯೋಕೆ ಆಗಲಿಲ್ವಾ ಅವನಿಗೆ?"

ಅದೇ ಪ್ರಶ್ನೆಯನ್ನು ವಾರವೆಲ್ಲ ಆಕೆಯೂ ಕೇಳಿದ್ದಳು. ನೇರಳೆ ವಸ್ತ್ರವನ್ನು ಮಡಿಸಿ ಬೆಂಚಿನ ಮೇಲಿಟ್ಟು, ಬಿಳಿಯದರ ಎಡತುದಿ ಹಿಡಿದು ಎಳೆದಳು. ಬಲತುದಿ ಜಾರಿ ನೆಲದತ್ತ ಇಳಿಯಿತು. ಮತ್ತೆ ಎತ್ತಿದಳು, ಮತ್ತೆ ಜಾರಿತು. ಮೂರನೆಯ ಸಲ ಜಾರಲಿಲ್ಲ. ನಾದಿನಿ ಹಿಡಿದುಕೊಂಡಿದ್ದಳು.

"ಸಮಾಧಾನ ಆಯ್ತು ಅಂದ್ಕೋಬೇಡಿ. ಅಣ್ಣ ಹೊಲಿದಿದ್ದು, ಕೊಳೆಯಾಗುತ್ತೆ ಅಂತ ಹಿಡಿದೆ."

"ಆಯ್ತು, ಸ್ವಲ್ಪ ನಿನ್ನ ಕಡೆ ಎಳಿ. ನಿಮ್ಮಣ್ಣನ ಥರ ಸೊಟ್ಟ ಹಿಡೀಬೇಡ."

ನಾದಿನಿಗೆ ನಗು ಬಂತು; ಅದರ ಬೆನ್ನಿಗೇ ಅಳು. ಮೂಗೊರೆಸಿಕೊಂಡು, ಅಂಚಿನ ಮೇಲೆ ಬೆರಳಾಡಿಸುತ್ತ ಹೋದವಳು ಸೂಜಿಯ ಬಳಿ ನಿಂತಳು.

"ಐದು ನಿಮಿಷದ ಕೆಲಸ, ಹೊಲಿದುಬಿಡ್ಲಾ? ನಾಳೆ ಅಯ್ಯನವರ ಕೈಗೆ ಚುಚ್ಚೀತು."

ಆಕೆ ಸೂಜಿಯನ್ನು ಮಾತ್ರ ಬಿಡಿಸಿ, ಗಂಡನ ದಾರದುಂಡೆಗೆ ಚುಚ್ಚಿ ಚೀಲಕ್ಕೆ ಹಾಕಿದಳು. ಹೊಲಿಗೆ ನಿಂತಲ್ಲಿ ದಾರದ ಎಳೆ ಜೋತುಬಿದ್ದಿತ್ತು. ಅದನ್ನು ಕತ್ತರಿಸಲಿಲ್ಲ.

"ಹೀಗೆ ಬಾಕಿ ಬಿಟ್ಟರೆ ನೋಡಿದವರು ಏನಂತಾರೆ ಅತ್ತಿಗೆ?"

"ಬಾಕಿ ನಿಮ್ಮಣ್ಣನದು. ಸತ್ತವರೆಲ್ಲ ಎದ್ದ ದಿನ ಅವರೇ ಬಂದು ಹೊಲೀತಾರೆ."