ಐದನೆಯ ಮಡಿಕೆ

ನಿಂಬೆವ್ವ ತನ್ನ ಲಂಗಕ್ಕೆ ನಾಲ್ಕನೆಯ ಮಡಿಕೆ ಹೊಲಿದು ದಾರ ಕಡಿದಳು. ದುಡಿಮೆಮನೆಗೆ ಹೊಸಬರು ಬಂದಾಗಲೆಲ್ಲ ಒಳಗಿದ್ದವರು ಒಂದೊಂದು ಲೋಟ ಕಷಾಯ ಕುಡಿದು ಬೆರಳಗಲ ಕುಳ್ಳಗಾಗಬೇಕು; ಹಾಗಾದರೆ ಎಲ್ಲರಿಗೂ ಮಲಗಲು ಜಾಗ. ಲೋಟಕ್ಕೊಂದು ಮಡಿಕೆ; ನಾಲ್ಕನೆಯದು ಇವತ್ತು ಅವಳು ಕುಡಿಯಬೇಕಾದ ಲೋಟದ್ದು. ಎಂಟು ತುಂಬದ ಮಕ್ಕಳಿಗೆ ಮಾತ್ರ ವಿನಾಯಿತಿ.

"ಇವತ್ತ ಹದಿನೆಂಟು ಮಂದಿ ಬಂದಾರ," ಎನ್ನುತ್ತ ಮೇಲ್ವಿಚಾರಕಿ ಅಂಬಾಬಾಯಿ ಅವಳ ಮುಂದೆ ಎರಡು ಲೋಟ ಇಟ್ಟಳು. "ನಿನ್ನ ಮಗಳಿಗೂ ಎಂಟು ತುಂಬೇತಿ. ಇದು ಆಕಿದು."

"ಬೆಳಿಯೋ ಕೂಸರೀ, ಬಾಯಾರ."

"ಬೆಳದು ಕಾಲು ಎಲ್ಲಿ ಚಾಚ್ತಾಳ? ನನ್ನ ತಲಿ ಮ್ಯಾಲೇನು?" ಪಕ್ಕದ ಚಾಪೆಯ ಕಾಳವ್ವ ನಕ್ಕಳು. ನಿಂಬೆವ್ವನೂ ನಕ್ಕಳು.

ಅಂಗಳದಲ್ಲಿ ಮಗಳು ಶಾವಂತ್ರಿ ಕಿಟಕಿಯ ಸರಳಿಗೆ ಎಗರುತ್ತಿದ್ದಳು. ಹೋದ ತಿಂಗಳು ಎಟುಕದಿದ್ದ ಸರಳು ಇಂದು ಕೈಗೆ ಸಿಕ್ಕಿತು.

"ಅವ್ವಾ, ನೋಡಬೇ!"

"ನೋಡಿದೆ, ನನ್ನವ್ವ."

ಅಂಬಾಬಾಯಿ ಮುಂದಿನ ಸಾಲಿಗೆ ಹೋದಳು. ನಿಂಬೆವ್ವ ಮಗಳ ಲಂಗವನ್ನು ಮಡಿಲಿಗೆಳೆದುಕೊಂಡು, ಬೆಳೆದಾಗ ಬಿಚ್ಚಲೆಂದು ಹಾಕಿಟ್ಟಿದ್ದ ಮಡಿಕೆಯನ್ನು ಬಿಚ್ಚಿದಳು. ಆಮೇಲೆ ಎರಡೂ ಲೋಟಗಳನ್ನು ತನ್ನತ್ತ ಸರಿಸಿಕೊಂಡು, ತನ್ನ ಲಂಗಕ್ಕೆ ಐದನೆಯ ಮಡಿಕೆ ಹೊಲಿಯಲು ಸೂಜಿಗೆ ದಾರ ಪೋಣಿಸಿದಳು.