ಮೀಟರಿಗೆ ಕಾಣದ ಹುಲ್ಲು

ಸರ್ಕಾರಿ ಹುಲ್ಲುಗಾವಲಿನ ಸಾಹೇಬರು ಹುಲ್ಲಿನ ಎತ್ತರ ಅಳೆಯುವ ಕೈಮೀಟರನ್ನು ನೆಲಕ್ಕೆ ಊರಿ, “ಇನ್ನೂ ಸಾಲದು” ಎಂದರು, ಎಂದಿನಂತೆ. ಅವರ ಮನೆಗೆ ಹಾಲು ಹಾಕುವ ಈರಕ್ಕ ದನಗಳೊಂದಿಗೆ ಗೇಟಿನಾಚೆ ನಿಂತಿದ್ದಳು.

“ಮೊಣಕಾಲು ಮುಚ್ಚೋವಷ್ಟು ಬೆಳ್ದೈತೆ, ಗೇಟು ತೆಗೆಸಿ ಸ್ವಾಮಿ.”

“ನಿನ್ನ ಕಣ್ಣಿಗೆ ಕಂಡ್ರೆ ಸಾಲದಮ್ಮ, ಮೀಟರಿಗೆ ಕಾಣ್ಬೇಕು.”

“ದನ ಸೊರಗ್ತಾ ಅವೆ.”

“ಅದನ್ನ ಅಳೆಯೋ ಮೀಟರು ಇನ್ನೂ ಬಂದಿಲ್ಲ.”

“ಆಗ್ಲಿ ಬುಡಿ. ಹಸ ಹಾಲು ಬತ್ತಿಸ್ಕೊಂಡವೆ. ಬರೋ ವಾರ ನಿಮ್ಮನೆಗೆ ಬೀಗರು ಬತ್ತಾರಂತಲ್ಲ, ಕಾಫಿಗೆ ಹಾಲಿಲ್ಲ ಅಂತ ಅಮ್ಮಾರಿಗೆ ನೀವೇ ಹೇಳ್ಬುಡಿ.”

ಸಾಹೇಬರು ಮೀಟರನ್ನು ಅದೇ ಜಾಗದಲ್ಲಿ ಇನ್ನೊಮ್ಮೆ ಊರಿದರು. ಹುಲ್ಲು ಅಷ್ಟರಲ್ಲಿ ಬೆಳೆದುಬಿಟ್ಟಿತ್ತು. ತಿಂಗಳುಗಟ್ಟಲೆ ಅವರ ಸಹಿಗೆ ಕಾದಿದ್ದ, ಗೇಟು ತೆರೆಯುವ ಅಪ್ಪಣೆಪತ್ರ ಅಂದೇ ಕಚೇರಿಯಿಂದ ಹೊರಟಿತು.